ಗೆರೆಯೋ, ಅಂಕಿಯೋ? ಹಾಡನ್ನು ಉಳಿಸುವ ಎರಡು ದಾರಿಗಳು

ವಿದ್ಯಾರ್ಥಿ ಮಿತ್ರರೇ, ಕೆಲವು ತಿಂಗಳ ಹಿಂದೆ ನಮ್ಮ ಸ್ಟುಡಿಯೋ ನೋಡಲು ಒಂದು ಕಾಲೇಜಿನ ವಿದ್ಯಾರ್ಥಿಗಳು ಬಂದಿದ್ದರು. ಧ್ವನಿಮುದ್ರಣ ಕೊಠಡಿಯ ಮೂಲೆಯಲ್ಲಿದ್ದ ಹಳೆಯ ರೆಕಾರ್ಡ್ ಪ್ಲೇಯರ್ ಕಂಡು ಒಬ್ಬ ಹುಡುಗಿ, "ಮೇಡಂ, ಇದರಲ್ಲಿ ಹಾಡು ಕೇಳಿದರೆ ಫೋನಿಗಿಂತ ಚೆನ್ನಾಗಿರುತ್ತದಂತೆ, ನಿಜವೇ?" ಎಂದು ಕೇಳಿದಳು. ಪಕ್ಕದಲ್ಲಿದ್ದ ಹುಡುಗ, "ಅದೆಲ್ಲ ಸುಮ್ಮನೆ ಮೇಡಂ, ಹಳೆಯದೆಲ್ಲ ಚಿನ್ನ ಅನ್ನುವವರ ಮಾತು" ಎಂದ. ಎರಡು ನಿಮಿಷದಲ್ಲಿ ಏನೋ ಒಂದು ಉತ್ತರ ಹೇಳಿ ಕಳಿಸಿದೆ. ಆದರೆ ಆ ಉತ್ತರ ನನಗೇ ಸಮಾಧಾನ ಕೊಡಲಿಲ್ಲ. ಏಕೆಂದರೆ ಆ ಒಂದು ಪ್ರಶ್ನೆಯೊಳಗೆ ಎರಡು ಪ್ರಶ್ನೆಗಳಿವೆ. ಯಾವುದು ಹಾಡನ್ನು ಹೆಚ್ಚು ನಿಖರವಾಗಿ ಹಿಡಿಯುತ್ತದೆ? ಯಾವುದು ಹಾಡನ್ನು ಹೆಚ್ಚು ಕಾಲ ಉಳಿಸುತ್ತದೆ? ಮೊದಲನೆಯದಕ್ಕೆ ಭೌತಶಾಸ್ತ್ರ ಉತ್ತರ ಹೇಳುತ್ತದೆ. ಎರಡನೆಯದಕ್ಕೆ ಉತ್ತರವನ್ನು ನಾನು ಕಲಿತದ್ದು ನನ್ನದೇ ಒಂದು ತಪ್ಪಿನಿಂದ. ಇಂದು ಎರಡನ್ನೂ ನಿಮ್ಮ ಮುಂದಿಡುತ್ತೇನೆ.

ಶಬ್ದವೆಂದರೆ ಗಾಳಿಯ ಒತ್ತಡದಲ್ಲಿ ಆಗುವ ಏರಿಳಿತ. ತಂಬೂರಿಯ ತಂತಿ ಮೀಟಿದರೆ ತಂತಿ ಅದುರುತ್ತದೆ, ಅದರಿಂದ ಗಾಳಿ ಅದುರುತ್ತದೆ, ಗಾಳಿಯಿಂದ ನಮ್ಮ ಕಿವಿಯ ತಮಟೆ ಅದುರುತ್ತದೆ. ಈ ಅದುರಾಟವನ್ನು ಒಂದು ಸೂಜಿಗೆ ಕೊಟ್ಟು, ಮೆತ್ತಗಿರುವ ಮೇಲ್ಮೈಯ ಮೇಲೆ ಗೆರೆ ಎಳೆಸಿದರೆ ಆ ಗೆರೆ ಶಬ್ದದ ಚಿತ್ರವಾಗುತ್ತದೆ. ಅದೇ ಗೆರೆಯ ಮೇಲೆ ಮತ್ತೆ ಸೂಜಿ ಓಡಿಸಿದರೆ ಶಬ್ದ ಹಿಂದಿರುಗುತ್ತದೆ. 1877ರಲ್ಲಿ ಥಾಮಸ್ ಆಲ್ವಾ ಎಡಿಸನ್ ತವರದ ತೆಳು ಹಾಳೆ ಸುತ್ತಿದ ಉರುಳೆಯ ಮೇಲೆ ಇದನ್ನು ಮಾಡಿ ತೋರಿಸಿದ. ಹತ್ತು ವರ್ಷದ ನಂತರ, 1887ರಲ್ಲಿ, ಎಮಿಲ್ ಬರ್ಲಿನರ್ ಉರುಳೆಯ ಬದಲು ಚಪ್ಪಟೆ ತಟ್ಟೆಯನ್ನು ತಂದ. ತಟ್ಟೆಯಾದರೆ ಒಂದು ಅಚ್ಚಿನಿಂದ ಸಾವಿರಾರು ಪ್ರತಿ ಒತ್ತಬಹುದು. ನಮ್ಮ ಹಿರಿಯರು ಗ್ರಾಮಫೋನ್ ಪ್ಲೇಟು ಎಂದು ಕರೆದದ್ದು ಇದನ್ನೇ.

ಮೊದಲ ಕಾಲದ ಪ್ಲೇಟುಗಳು ವಿನೈಲ್ ಅಲ್ಲ. ಅವು ಅರಗಿನಿಂದ ತಯಾರಾದ ಶೆಲ್ಯಾಕ್‌ನವು. ಮರದ ರೆಂಬೆಗಳ ಮೇಲೆ ಬದುಕುವ ಒಂದು ಪುಟ್ಟ ಕೀಟ ಸ್ರವಿಸುವ ಅರಗು ಲೋಕಕ್ಕೆಲ್ಲ ಹೆಚ್ಚಾಗಿ ಹೋಗುತ್ತಿದ್ದದ್ದು ನಮ್ಮ ದೇಶದಿಂದಲೇ. ಅದಕ್ಕೆ ಕಲ್ಲಿನ ಪುಡಿ ಬೆರೆಸಿ ಪ್ಲೇಟು ಒತ್ತುತ್ತಿದ್ದರು. ಅದು ಗಟ್ಟಿ, ಆದರೆ ಕೈತಪ್ಪಿ ಬಿದ್ದರೆ ಹೆಂಚಿನಂತೆ ಒಡೆಯುತ್ತಿತ್ತು. ನಿಮಿಷಕ್ಕೆ ಸುಮಾರು 78 ಸುತ್ತು, ಹತ್ತು ಅಂಗುಲದ ಪ್ಲೇಟಿನ ಒಂದು ಮಗ್ಗುಲಿಗೆ ಹೆಚ್ಚೆಂದರೆ ಮೂರು ನಿಮಿಷದ ಹಾಡು.

1902ರ ನವೆಂಬರಿನಲ್ಲಿ ಇಂಗ್ಲೆಂಡಿನ ಗ್ರಾಮಫೋನ್ ಕಂಪನಿಯ ಪರವಾಗಿ ಫ್ರೆಡ್ ಗೈಸ್‌ಬರ್ಗ್ ಎಂಬಾತ ಕಲ್ಕತ್ತೆಯಲ್ಲಿ ಗಾಯಕಿ ಗೌಹರ್ ಜಾನ್ ಅವರ ಹಾಡುಗಳನ್ನು ಮುದ್ರಿಸಿದ. ಮೈಕ್ರೊಫೋನ್ ಇನ್ನೂ ಧ್ವನಿಮುದ್ರಣಕ್ಕೆ ಬಂದಿರಲಿಲ್ಲ. ಅದು ಬಂದದ್ದು 1925ರಲ್ಲಿ. ಆದ್ದರಿಂದ ದೊಡ್ಡ ತುತ್ತೂರಿಯಂಥ ಕೊಳವೆಗೆ ಬಾಯಿಟ್ಟು ಗಟ್ಟಿಯಾಗಿ ಹಾಡಬೇಕಾಗಿತ್ತು. ಗಂಟೆಗಟ್ಟಲೆ ವಿಸ್ತರಿಸುವ ರಾಗವನ್ನು ಮೂರು ನಿಮಿಷದಲ್ಲಿ ಮುಗಿಸುವ ಕಲೆಯನ್ನು ಆ ತಲೆಮಾರಿನ ಕಲಾವಿದರು ರೂಢಿಸಿಕೊಂಡರು. ಗೌಹರ್ ಜಾನ್ ಹಾಡಿನ ಕೊನೆಗೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ತಾವೇ ಹೇಳುತ್ತಿದ್ದರು. ಆಗ ಪ್ಲೇಟು ಒತ್ತುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿನ ಕೆಲಸಗಾರರಿಗೆ ಇದು ಯಾರ ಹಾಡೆಂದು ತಿಳಿಯಬೇಕಲ್ಲ! 1928ರಲ್ಲಿ ಅವರು ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದರು; 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಅವರ ದನಿಯನ್ನು ಇಂದಿಗೂ ನಾವು ಕೇಳಬಹುದು.

ವಿನೈಲ್ ಎಂಬ ಪ್ಲಾಸ್ಟಿಕ್ಕಿನ ದೀರ್ಘಾವಧಿ ಪ್ಲೇಟು, ಅಂದರೆ ಎಲ್‌ಪಿ, ಬಂದದ್ದು 1948ರಲ್ಲಿ. ಅಮೆರಿಕದ ಕೊಲಂಬಿಯಾ ಕಂಪನಿ ಅದನ್ನು ತಂದಿತು. ನಿಮಿಷಕ್ಕೆ 33⅓ ಸುತ್ತು, ಕೂದಲೆಳೆಯಷ್ಟು ಸಣ್ಣ ಗೆರೆ, ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಮೇಲ್ಪಟ್ಟು ಸಂಗೀತ. ಇಲ್ಲೊಂದು ಸಣ್ಣ ಲೆಕ್ಕ ಮಾಡೋಣ. ಪ್ಲೇಟಿನ ಅಂಚಿನಲ್ಲಿ ಗೆರೆಯ ವ್ಯಾಸ ಸುಮಾರು 29 ಸೆಂಟಿಮೀಟರ್. ಅಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೆರೆ ಹಾದುಹೋಗುತ್ತದೆ. ಒಳಗಡೆ, ವ್ಯಾಸ 12 ಸೆಂಟಿಮೀಟರ್ ಇರುವಲ್ಲಿ, ಸೆಕೆಂಡಿಗೆ ಸುಮಾರು 21 ಸೆಂಟಿಮೀಟರ್ ಮಾತ್ರ. ಸುತ್ತುವ ವೇಗ ಒಂದೇ, ಆದರೆ ಒಳಗೆ ಹೋದಂತೆ ಅಷ್ಟೇ ಸಂಗೀತವನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುರುಕಬೇಕು. ಆದ್ದರಿಂದಲೇ ಮಗ್ಗುಲಿನ ಕೊನೆಯ ಹಾಡಿನಲ್ಲಿ ತಾರಸ್ವರಗಳು ಸ್ವಲ್ಪ ಮಸುಕಾಗುತ್ತವೆ.

ಇನ್ನೊಂದು ತೊಡಕು ಮಂದ್ರಸ್ವರಗಳದು. ಅವು ಸೂಜಿಯನ್ನು ಅಗಲವಾಗಿ ಓಲಾಡಿಸುತ್ತವೆ. ಹಾಗೆಯೇ ಬಿಟ್ಟರೆ ಗೆರೆಗಳು ಪಕ್ಕದ ಗೆರೆಗೆ ನುಗ್ಗುತ್ತವೆ. ಆದ್ದರಿಂದ ಕೊರೆಯುವಾಗ ಮಂದ್ರವನ್ನು ತಗ್ಗಿಸಿ ತಾರವನ್ನು ಏರಿಸುತ್ತಾರೆ, ನುಡಿಸುವಾಗ ಯಂತ್ರವೇ ಅದನ್ನು ತಿರುಗುಮುರುಗು ಮಾಡುತ್ತದೆ. ಎಷ್ಟು ತಗ್ಗಿಸಬೇಕು, ಎಷ್ಟು ಏರಿಸಬೇಕು ಎಂಬ ಸಮಾನ ಅಳತೆಯನ್ನು ಅಮೆರಿಕದ ರೆಕಾರ್ಡು ಉದ್ಯಮ 1954ರಲ್ಲಿ ಗೊತ್ತುಮಾಡಿತು. ಅಂದರೆ, ಪ್ಲೇಟಿನಲ್ಲಿರುವುದೂ ಹಾಡಿದ್ದರ ಯಥಾವತ್ ರೂಪವಲ್ಲ. ಅದೂ ಒಂದು ಉಪಾಯದಿಂದ ಬದಲಿಸಿ, ಮತ್ತೆ ಸರಿಪಡಿಸಿಕೊಂಡ ರೂಪವೇ.

ಈಗ ಡಿಜಿಟಲ್ ದಾರಿಯನ್ನು ನೋಡೋಣ. ಆಸ್ಪತ್ರೆಯಲ್ಲಿ ನರ್ಸಮ್ಮ ಕೆಲವು ಗಂಟೆಗೊಮ್ಮೆ ರೋಗಿಯ ಜ್ವರ ಅಳೆದು ಹಾಸಿಗೆಯ ಬಳಿಯ ಪಟ್ಟಿಯಲ್ಲಿ ಬರೆಯುತ್ತಾರೆ. ಆ ಅಂಕಿಗಳನ್ನು ನೋಡಿಯೇ ಡಾಕ್ಟರು ಜ್ವರ ಏರಿತೋ ಇಳಿಯಿತೋ ಎಂದು ತಿಳಿಯುತ್ತಾರೆ. ಡಿಜಿಟಲ್ ಧ್ವನಿಮುದ್ರಣವೂ ಇದೇ ಕೆಲಸ. ಫಿಲಿಪ್ಸ್ ಮತ್ತು ಸೋನಿ ಕಂಪನಿಗಳು ಸೇರಿ ರೂಪಿಸಿದ, 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯಲ್ಲಿ ಧ್ವನಿಯ ಎತ್ತರವನ್ನು ಸೆಕೆಂಡಿಗೆ 44,100 ಬಾರಿ ಅಳೆಯುತ್ತಾರೆ. ಪ್ರತಿ ಅಳತೆಗೂ 16 ಬಿಟ್‌ಗಳ ಒಂದು ಅಂಕಿ. ಅಂದರೆ 65,536 ಮೆಟ್ಟಿಲುಗಳಲ್ಲಿ ಯಾವುದೋ ಒಂದು. ಎಡಬಲ ಎರಡು ವಾಹಿನಿಗಳಿಗೆ ಸೆಕೆಂಡಿಗೆ 14,11,200 ಬಿಟ್‌ಗಳು. ಈ ಅಂಕಿಗಳೇ ಸಿ.ಡಿ.ಯ ಮೇಲೆ ಸೂಕ್ಷ್ಮ ಕುಳಿಗಳಾಗಿ, ಒಂದು ಮಿಲಿಮೀಟರಿಗೆ 625 ಸಾಲುಗಳಂತೆ ಕೂತಿರುತ್ತವೆ. ಲೇಸರ್ ಬೆಳಕು ಅವನ್ನು ಮುಟ್ಟದೆಯೇ ಓದುತ್ತದೆ.

ಇಲ್ಲಿ ನಿಮಗೆ ಸಂದೇಹ ಬರಬೇಕು. ಅಳತೆಗಳ ನಡುವೆ ಇದ್ದ ಧ್ವನಿ ಕಳೆದುಹೋಗಲಿಲ್ಲವೇ? ಗೆರೆ ಅಖಂಡ, ಅಂಕಿ ತುಂಡು ತುಂಡು, ಹಾಗಾದರೆ ಹಾಡೂ ಮೆಟ್ಟಿಲು ಮೆಟ್ಟಿಲಾಗಲಿಲ್ಲವೇ? ಬಹಳ ಜನ ಹೀಗೆಯೇ ತಿಳಿದಿದ್ದಾರೆ. ಉತ್ತರ: ಇಲ್ಲ. ಹ್ಯಾರಿ ನೈಕ್ವಿಸ್ಟ್ 1928ರಲ್ಲಿ ತಳಹದಿ ಹಾಕಿದ, ಕ್ಲಾಡ್ ಶಾನನ್ 1949ರಲ್ಲಿ ಸ್ಪಷ್ಟವಾಗಿ ಸಾಧಿಸಿ ತೋರಿಸಿದ ಒಂದು ಪ್ರಮೇಯವಿದೆ. ಧ್ವನಿಯಲ್ಲಿರುವ ಅತಿ ಹೆಚ್ಚಿನ ಆವೃತ್ತಿಯ ಎರಡರಷ್ಟಕ್ಕಿಂತ ಹೆಚ್ಚು ಬಾರಿ ಅಳೆದರೆ, ಆ ಬಿಂದುಗಳ ಮೂಲಕ ಹಾದುಹೋಗಬಲ್ಲ ಅಲೆ ಒಂದೇ ಒಂದು. ಬೇರೆ ಅಲೆ ಸಾಧ್ಯವೇ ಇಲ್ಲ. ಆದ್ದರಿಂದ ನಡುವಿನದನ್ನು ಊಹಿಸಬೇಕಾಗಿಲ್ಲ, ಲೆಕ್ಕದಿಂದಲೇ ಅದು ಸಂಪೂರ್ಣವಾಗಿ ಮರಳುತ್ತದೆ. ಮನುಷ್ಯನ ಕಿವಿ ಕೇಳುವುದು ಹೆಚ್ಚೆಂದರೆ 20,000 ಹರ್ಟ್ಸ್‌ವರೆಗೆ. 44,100ರ ಅರ್ಧ 22,050. ಸಿ.ಡಿ.ಯ ಅಂಕಿಯನ್ನು ಆರಿಸಿದ್ದರಲ್ಲಿ ಈ ಲೆಕ್ಕವಿದೆ.

ಅಂಕಿಯನ್ನು ಹತ್ತಿರದ ಮೆಟ್ಟಿಲಿಗೆ ಸರಿಹೊಂದಿಸುವಾಗ ಆಗುವ ಸಣ್ಣ ವ್ಯತ್ಯಾಸ ಒಂದು ಮೆಲ್ಲನೆಯ ಸುಯ್ಯೆನ್ನುವ ಸದ್ದಾಗಿ ಉಳಿಯುತ್ತದೆ. ಆದರೆ ಅದು ಅತಿ ಗಟ್ಟಿ ದನಿಗಿಂತ ಸುಮಾರು 96 ಡೆಸಿಬೆಲ್ ಕೆಳಗಿರುತ್ತದೆ. ಎಲ್‌ಪಿಯಲ್ಲಿ ಈ ಅಂತರ ಸಾಮಾನ್ಯವಾಗಿ 60ರಿಂದ 70 ಡೆಸಿಬೆಲ್. ಅಲೆಯ ಎತ್ತರದ ಲೆಕ್ಕದಲ್ಲಿ 60 ಡೆಸಿಬೆಲ್ ಎಂದರೆ ಸಾವಿರ ಪಟ್ಟು, 96 ಎಂದರೆ ಅರವತ್ತು ಸಾವಿರ ಪಟ್ಟಿಗೂ ಮಿಗಿಲು. ಆದ್ದರಿಂದ ಮೊದಲ ಪ್ರಶ್ನೆಗೆ ಅಳತೆಯ ಉತ್ತರ ಸ್ಪಷ್ಟ: ನಿಖರತೆಯಲ್ಲಿ ಡಿಜಿಟಲ್ ಮುಂದು.

ಹಾಗಾದರೆ ಎಲ್‌ಪಿ ಚೆನ್ನಾಗಿ ಕೇಳಿಸುತ್ತದೆ ಎನ್ನುವವರೆಲ್ಲ ಸುಳ್ಳು ಹೇಳುತ್ತಾರೆಯೇ? ಹಾಗೇನಿಲ್ಲ. ಗೆರೆಯಲ್ಲಿ ಮಿತಿಮೀರಿ ಗಟ್ಟಿಯಾಗಿ ಕೊರೆದರೆ ಸೂಜಿ ನೆಗೆದುಬಿಡುತ್ತದೆ, ಆದ್ದರಿಂದ ಎಲ್‌ಪಿಗೆ ಸಿದ್ಧಮಾಡುವ ತಂತ್ರಜ್ಞ ಸಂಯಮದಿಂದ ಕೆಲಸ ಮಾಡಲೇಬೇಕು. ಸಿ.ಡಿ.ಗೆ ಆ ಕಟ್ಟು ಇಲ್ಲ. 1990ರ ದಶಕದಿಂದ ಕಂಪನಿಗಳು ತಮ್ಮ ಹಾಡೇ ಗಟ್ಟಿಯಾಗಿರಲಿ ಎಂದು ಪೈಪೋಟಿಗೆ ಬಿದ್ದು ಮೆಲುದನಿಯನ್ನೂ ಗಟ್ಟಿದನಿಯನ್ನೂ ಒಂದೇ ಮಟ್ಟಕ್ಕೆ ಏರಿಸಿದವು. ಏರಿಳಿತವೇ ಇಲ್ಲದ ಸಂಗೀತ ಕಿವಿಗೆ ಆಯಾಸ ತರುತ್ತದೆ. ಅದೇ ಹಾಡಿನ ಎಲ್‌ಪಿ ಹಿತವಾಗಿ ಕೇಳಿಸಿದರೆ ಅದರ ಶ್ರೇಯಸ್ಸು ತಟ್ಟೆಗಲ್ಲ, ಸಿದ್ಧಪಡಿಸಿದ ಕೈಗೆ. ಜೊತೆಗೆ ಸೂಜಿ ತಾನೇ ಸೇರಿಸುವ ಅಲ್ಪ ವಿಕೃತಿ ಕೆಲವರ ಕಿವಿಗೆ ಇಂಪು. ಮೂರನೆಯ ಕಾರಣ ನಮ್ಮಲ್ಲೇ ಇದೆ. ಪ್ಲೇಟನ್ನು ಒರೆಸಿ, ಇಟ್ಟು, ಸೂಜಿ ಇಳಿಸಿ ಕೂತವರು ಹಾಡನ್ನು ಗಮನವಿಟ್ಟು ಕೇಳುತ್ತಾರೆ.

2022ರಲ್ಲಿ ಅಮೆರಿಕದಲ್ಲಿ ಒಂದು ಸಂಗತಿ ಬಯಲಾಯಿತು. ಅಪ್ಪಟ ಗೆರೆಯ ದಾರಿಯ ಎಲ್‌ಪಿಗಳೆಂದು ರಸಿಕರು ದುಬಾರಿ ಬೆಲೆ ಕೊಟ್ಟು ಕೊಳ್ಳುತ್ತಿದ್ದ ಒಂದು ಕಂಪನಿಯ ಅನೇಕ ಪ್ಲೇಟುಗಳಿಗೆ, ವರ್ಷಗಳಿಂದಲೂ ನಡುವೆ ಒಂದು ಡಿಜಿಟಲ್ ಹಂತವಿತ್ತು. ಕಿವಿಯಿಂದಲೇ ವ್ಯತ್ಯಾಸ ಹೇಳಬಲ್ಲೆವು ಎಂದು ನಂಬಿದ್ದವರೂ ಅದನ್ನು ಪತ್ತೆಹಚ್ಚಿರಲಿಲ್ಲ. ಅದೇ ವರ್ಷ ಅಮೆರಿಕದಲ್ಲಿ ಎಲ್‌ಪಿಗಳು ಸಿ.ಡಿ.ಗಳಿಗಿಂತ ಹೆಚ್ಚು ಸಂಖ್ಯೆಯಲ್ಲಿ ಮಾರಾಟವಾದವು, ಸುಮಾರು 4.1 ಕೋಟಿ ಎಲ್‌ಪಿ, 3.3 ಕೋಟಿ ಸಿ.ಡಿ. ಜನರ ಪ್ರೀತಿ ಬರೀ ಅಳತೆಯನ್ನು ನೋಡಿ ಹುಟ್ಟುವುದಿಲ್ಲ.

ಡಿಜಿಟಲ್ ಎಂದರೆ ಎಲ್ಲವೂ ಒಂದೇ ಅಲ್ಲ ಎಂಬುದನ್ನೂ ನೆನಪಿಡಿ. 1990ರ ದಶಕದಲ್ಲಿ ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ವಿಜ್ಞಾನಿಗಳ ಶ್ರಮದಿಂದ ಬಂದ ಎಂಪಿ3 ಪದ್ಧತಿ ಧ್ವನಿಯ ಭಾಗಗಳನ್ನು ಬೇಕೆಂದೇ ಬಿಟ್ಟುಬಿಡುತ್ತದೆ. ಮದುವೆ ಮನೆಯಲ್ಲಿ ಗಟ್ಟಿಮೇಳ ಬಾರಿಸುವಾಗ ಪಕ್ಕದವರ ಮಾತು ಕೇಳುವುದಿಲ್ಲವಲ್ಲ? ಹಾಗೆಯೇ ಗಟ್ಟಿ ದನಿಯ ಮರೆಯಲ್ಲಿ ಕೇಳಿಸದೆ ಹೋಗುವ ಸಣ್ಣ ದನಿಗಳನ್ನು ಲೆಕ್ಕಹಾಕಿ ತೆಗೆದುಹಾಕುತ್ತಾರೆ. ಸೆಕೆಂಡಿಗೆ 128 ಸಾವಿರ ಬಿಟ್‌ಗಳ ಎಂಪಿ3 ಸಿ.ಡಿ.ಯ ಸುಮಾರು ಹನ್ನೊಂದನೆಯ ಒಂದು ಪಾಲು. ಬಸ್ಸಿನಲ್ಲಿ ಕೇಳಲು ಇದು ಸಾಕು. ಆದರೆ ತೆಗೆದುಹಾಕಿದ್ದು ಮತ್ತೆ ಬರುವುದಿಲ್ಲ.

ಈಗ ಎರಡನೆಯ ಪ್ರಶ್ನೆಗೆ, ನನ್ನ ತಪ್ಪಿನ ಕಥೆಗೆ ಬರುತ್ತೇನೆ.

2003ರಲ್ಲಿ ನಾನು ಈ ವೃತ್ತಿಗೆ ಹೊಸಬಳು. ಹಾಸನ ಜಿಲ್ಲೆಯ ಒಂದು ಹಳ್ಳಿಯಲ್ಲಿ ಸೋಬಾನೆ ಪದ ಹಾಡುವ ಅಜ್ಜಿಯೊಬ್ಬರ ಧ್ವನಿಮುದ್ರಣಕ್ಕೆ ಹೋಗಿದ್ದೆ. ಕೈಯಲ್ಲಿ ಡ್ಯಾಟ್ ಯಂತ್ರವಿತ್ತು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಕ್ಯಾಸೆಟ್ಟಿನಲ್ಲಿ ಅಂಕಿಗಳ ರೂಪದಲ್ಲಿ ಧ್ವನಿ ಹಿಡಿಯುವ, ಸೋನಿ 1987ರಲ್ಲಿ ತಂದ ಯಂತ್ರ ಅದು. ಅಜ್ಜಿ ಜಗಲಿಯ ಮೇಲೆ ಕೂತು ಐವತ್ತೆರಡು ನಿಮಿಷ ಹಾಡಿದರು. ಕೊನೆಗೆ ಕ್ಯಾಸೆಟ್ಟನ್ನು ಕೈಯಲ್ಲಿ ಹಿಡಿದು ನೋಡಿ, "ನನ್ ಪದವೆಲ್ಲ ಈ ಡಬ್ಬೀಲಿ ಉಳ್ಕತವಾ ಮಗಾ?" ಎಂದು ಕೇಳಿದರು. "ನೂರು ವರ್ಷ ಇರ್ತವೆ ಅಜ್ಜಿ, ಇದು ಡಿಜಿಟಲ್" ಎಂದೆ. ಕಾರ್ಯಕ್ರಮಕ್ಕೆ ಬೇಕಾದ ನಾಲ್ಕು ನಿಮಿಷ ತೆಗೆದುಕೊಂಡು, ಕ್ಯಾಸೆಟ್ಟಿಗೆ ಚೀಟಿ ಅಂಟಿಸಿ ನನ್ನ ಬೀರುವಿನಲ್ಲಿಟ್ಟೆ. ಇನ್ನೊಂದು ಪ್ರತಿ ಮಾಡಲಿಲ್ಲ.

2014ರಲ್ಲಿ ಅಜ್ಜಿಯ ಮೊಮ್ಮಗ ಹುಡುಕಿಕೊಂಡು ಬಂದ. ಅಜ್ಜಿ ತೀರಿಕೊಂಡಿದ್ದರು. ಅವರ ಪದಗಳು ಮನೆಯಲ್ಲಿ ಇನ್ನು ಯಾರಿಗೂ ಬರುತ್ತಿರಲಿಲ್ಲ. ಕ್ಯಾಸೆಟ್ಟೇನೋ ಇತ್ತು, ನುಡಿಸುವ ಯಂತ್ರ ಇರಲಿಲ್ಲ. ಹೊಸ ಡ್ಯಾಟ್ ಯಂತ್ರಗಳ ತಯಾರಿಕೆಯನ್ನು ಸೋನಿ 2005ರಲ್ಲೇ ನಿಲ್ಲಿಸಿತ್ತು. ಗೆಳೆಯರೊಬ್ಬರ ಬಳಿ ಒಂದು ಯಂತ್ರ ಸಿಕ್ಕಿತು. ಮೊದಲ ಒಂಬತ್ತು ನಿಮಿಷ, ಅಜ್ಜಿ ಎದುರಿಗೇ ಕೂತು ಹಾಡಿದಂತೆ ಬಂತು. ಆಮೇಲೆ ಒಂದೆರಡು ಬಾರಿ ಟಕ್ಕೆಂದಿತು. ನಂತರ ಏನೂ ಇಲ್ಲ. ಗೊರಗೊರ ಸದ್ದು ಕೂಡ ಇಲ್ಲ. ಹುಡುಗ ಸ್ವಲ್ಪ ಹೊತ್ತು ಕಾದು, "ಇಷ್ಟೇನಾ ಮೇಡಂ?" ಎಂದ.

ನಮ್ಮ ತಾತನ ಕಾಲದ ಒಂದು ಪ್ಲೇಟು ಮನೆಯಲ್ಲಿದೆ. ಅಂಚಿನಿಂದ ನಡುವಿನವರೆಗೆ ಸೀಳು ಬಿಟ್ಟಿದೆ. ಪ್ರತಿ ಸುತ್ತಿಗೂ ಟಕ್, ಟಕ್ ಎನ್ನುತ್ತದೆ. ಆದರೂ ಹಾಡು ಪೂರ್ತಿ ಕೇಳುತ್ತದೆ. ಗೆರೆ ಸವೆದಂತೆ ಹಾಡು ಮೆಲ್ಲಮೆಲ್ಲನೆ ಮಸುಕಾಗುತ್ತದೆ, ಎಚ್ಚರಿಕೆ ಕೊಡುತ್ತಾ ಹೋಗುತ್ತದೆ. ಅಂಕಿಯ ಸ್ವಭಾವ ಬೇರೆ. ಸಿ.ಡಿ.ಯಲ್ಲೂ ಡ್ಯಾಟ್‌ನಲ್ಲೂ ತಪ್ಪು ತಿದ್ದುವ ಗಣಿತ ಅಡಗಿದೆ. ಸಿ.ಡಿ.ಯ ಸಾಲಿನಲ್ಲಿ ಸುಮಾರು ಎರಡೂವರೆ ಮಿಲಿಮೀಟರ್ ಉದ್ದದಷ್ಟು ಅಳಿಸಿಹೋದರೂ ಅದನ್ನು ಪೂರ್ತಿಯಾಗಿ ಮರಳಿಸಬಲ್ಲದು. ಆದರೆ ಹಾಳಾದದ್ದು ಆ ಮಿತಿ ದಾಟಿತೆಂದರೆ, ಬಂಡೆಯ ಅಂಚಿನಿಂದ ಬಿದ್ದಂತೆ, ಎಲ್ಲವೂ ಒಮ್ಮೆಗೇ ಹೋಗುತ್ತದೆ. ಅಲ್ಲಿಯವರೆಗೂ ಎಲ್ಲ ಸರಿಯಾಗಿದೆ ಎಂದೇ ನಮಗನ್ನಿಸುತ್ತಿರುತ್ತದೆ.

1977ರಲ್ಲಿ ವಾಯೇಜರ್ ನೌಕೆಗಳಲ್ಲಿ ಭೂಮಿಯ ಧ್ವನಿಗಳನ್ನು ಬಾಹ್ಯಾಕಾಶಕ್ಕೆ ಕಳಿಸಿದಾಗ ಆರಿಸಿದ್ದು ಚಿನ್ನದ ಲೇಪವಿರುವ ತಾಮ್ರದ ಪ್ಲೇಟನ್ನು. ಅದರಲ್ಲಿ ಕೇಸರಬಾಯಿ ಕೇರ್ಕರ್ ಅವರ ಭೈರವಿಯೂ ಇದೆ. ಜೊತೆಗೆ ಒಂದು ಸೂಜಿಯನ್ನೂ ಇಟ್ಟು, ನುಡಿಸುವ ಬಗೆಯನ್ನು ಮುಚ್ಚಳದ ಮೇಲೆ ಚಿತ್ರದಲ್ಲಿ ಕೊರೆದಿದ್ದಾರೆ. ಗೆರೆಯನ್ನು ಓದಲು ಇಷ್ಟು ಸಾಕು.

ಹಾಗೆಂದು ಗೆರೆಯೇ ಗೆದ್ದಿತು ಎನ್ನಬೇಡಿ. ಗೆರೆಯನ್ನು ನುಡಿಸಿದಷ್ಟೂ ಸವೆಯುತ್ತದೆ. ಪ್ರತಿಯ ಪ್ರತಿ ತೆಗೆದಂತೆ ಹಾಡು ಕೆಡುತ್ತದೆ. ಅಂಕಿಯನ್ನು ಸಾವಿರ ಬಾರಿ ಪ್ರತಿ ಮಾಡಿದರೂ ಸಾವಿರದನೆಯದು ಮೊದಲನೆಯದರಂತೆಯೇ ಇರುತ್ತದೆ. ನಮ್ಮ ನಾಡಿನಲ್ಲೇ ಇದಕ್ಕೆ ಹೋಲಿಕೆಯಿದೆ. ಹಲ್ಮಿಡಿಯ ಶಾಸನ ಶತಮಾನಗಳ ಕಾಲ ಯಾರೂ ಪ್ರತಿ ಮಾಡದಿದ್ದರೂ ಉಳಿಯಿತು. ಕಲ್ಲು ತಾನೇ ಕಾಯ್ದುಕೊಂಡಿತು. ಹತ್ತನೆಯ ಶತಮಾನದ ಪಂಪನ ಕಾವ್ಯ ಉಳಿದದ್ದು ಹಾಗಲ್ಲ. ಓಲೆಗರಿ ಹುಳು ತಿಂದು ಹಾಳಾಗುವ ಮುನ್ನ ಯಾರೋ ಕೂತು ಹೊಸ ಓಲೆಗೆ ಬರೆದರು. ಅದು ಹಾಳಾಗುವ ಮುನ್ನ ಇನ್ನೊಬ್ಬರು ಬರೆದರು. ಪ್ಲೇಟು ಶಾಸನದ ಜಾತಿ. ಡಿಜಿಟಲ್ ಕಡತ ಓಲೆಗರಿಯ ಜಾತಿ. ನಾನು ಓಲೆಗರಿಯನ್ನು ಶಾಸನವೆಂದು ನಂಬಿ ಬೀರುವಿನಲ್ಲಿಟ್ಟು ಬೀಗ ಹಾಕಿದ್ದೆ. ತಪ್ಪು ಯಂತ್ರದ್ದಲ್ಲ, ನನ್ನದು.

ಎರಡೂ ದಾರಿಗಳು ಕೂಡಿದಾಗ ಏನಾಗುತ್ತದೆಂಬುದಕ್ಕೂ ಒಂದು ನಿದರ್ಶನವಿದೆ. ಎಡಿಸನ್‌ಗಿಂತ ಮೊದಲೇ, ಫ್ರಾನ್ಸಿನ ಸ್ಕಾಟ್ ದ ಮಾರ್ಟಿನ್‌ವಿಲ್ ಎಂಬಾತ ಮಸಿ ಹಿಡಿಸಿದ ಕಾಗದದ ಮೇಲೆ ಧ್ವನಿಯ ಗೆರೆ ಬರೆಯುವ ಯಂತ್ರ ಮಾಡಿದ್ದ. ಅವನ ಉದ್ದೇಶ ಧ್ವನಿಯನ್ನು ನೋಡುವುದಷ್ಟೇ. ಮತ್ತೆ ಕೇಳುವ ಉಪಾಯ ಅವನಲ್ಲಿರಲಿಲ್ಲ. 1860ರಲ್ಲಿ ಅವನು ಬರೆಸಿದ ಒಂದು ಫ್ರೆಂಚ್ ಜನಪದ ಗೀತೆಯ ಗೆರೆಯನ್ನು ಸಂಶೋಧಕರು ಅಂಕಿಗಳಾಗಿ ಪರಿವರ್ತಿಸಿ, 2008ರಲ್ಲಿ ಕಂಪ್ಯೂಟರಿನ ಮೂಲಕ ನುಡಿಸಿದರು. ಸುಮಾರು ನೂರೈವತ್ತು ವರ್ಷ ಮೂಕವಾಗಿದ್ದ ಕಾಗದ ಹಾಡಿತು. ಅಮೆರಿಕದ ಬರ್ಕ್ಲಿ ಪ್ರಯೋಗಾಲಯದ ಭೌತವಿಜ್ಞಾನಿಗಳು, ಸೂಜಿ ತಾಗಿಸಲಾಗದಷ್ಟು ಹಾಳಾದ ಪ್ಲೇಟುಗಳ ಗೆರೆಯನ್ನು ಬೆಳಕಿನಿಂದಲೇ ಚಿತ್ರ ತೆಗೆದು ಹಾಡನ್ನು ಮರಳಿ ಪಡೆಯುವ ವಿಧಾನ ರೂಪಿಸಿದ್ದಾರೆ. ಗೆರೆ ಕಾಯ್ದಿತು, ಅಂಕಿ ಬಿಡಿಸಿತು.

ಮಿತ್ರರೇ, ಆ ಒಂಬತ್ತು ನಿಮಿಷ ಈಗ ನಾಲ್ಕು ಕಡೆ ಇದೆ. ಒಂದು ಪ್ರತಿ ಆ ಮೊಮ್ಮಗನ ಬಳಿಯಿದೆ. ಉಳಿದ ನಲವತ್ತಮೂರು ನಿಮಿಷ ಎಲ್ಲಿಯೂ ಇಲ್ಲ. ಆದ್ದರಿಂದ ನಿಮ್ಮಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಮನೆಯಲ್ಲಿ ಹಾಡು ಬರುವ ಅಜ್ಜಿಯೋ, ಸೋದರತ್ತೆಯೋ ಇದ್ದರೆ ಈ ರಜೆಯಲ್ಲೇ ಅವರ ಮುಂದೆ ಕೂತು ಮುದ್ರಿಸಿಕೊಳ್ಳಿ. ನಿಮ್ಮ ಕೈಯಲ್ಲಿರುವ ಫೋನೇ ಸಾಕು. ಸಾಧ್ಯವಾದರೆ ಎಂಪಿ3 ಬದಲು ಏನನ್ನೂ ಕಳೆಯದ ವೇವ್ ರೂಪದಲ್ಲಿ ಇಡಿ. ಮೂರು ಪ್ರತಿ ಮಾಡಿ. ಎರಡು ಬಗೆಯ ಸಾಧನಗಳಲ್ಲಿ ಇಡಿ. ಒಂದು ಪ್ರತಿ ಬೇರೆ ಊರಿನ ನೆಂಟರ ಮನೆಯಲ್ಲಿರಲಿ. ವರ್ಷಕ್ಕೊಮ್ಮೆ, ಯುಗಾದಿಗೆ ಮನೆ ಶುಚಿ ಮಾಡುವಾಗ, ತೆರೆದು ಕೇಳಿ ನೋಡಿ. ಹೊಸ ಸಾಧನ ಬಂದಾಗ ಅದಕ್ಕೆ ವರ್ಗಾಯಿಸಿ. ಅಟ್ಟದ ಮೇಲೆ ಹಳೆಯ ಪ್ಲೇಟುಗಳಿದ್ದರೆ ಗುಜರಿಗೆ ಹಾಕಬೇಡಿ. ಒಂದರ ಮೇಲೊಂದು ಪೇರಿಸದೆ, ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ, ಬಿಸಿಲು ತಾಗದಂತೆ ಇಡಿ.

ಇನ್ನೊಂದು ಮಾತು. ಮುದ್ರಿಸುವಾಗ ಹಾಡಿದವರ ಹೆಸರು, ಊರು, ದಿನಾಂಕವನ್ನು ಅವರ ಬಾಯಿಂದಲೇ ಹೇಳಿಸಿ. ಚೀಟಿ ಉದುರಬಹುದು, ಕಡತದ ಹೆಸರು ಬದಲಾಗಬಹುದು. 1902ರಲ್ಲಿ ಗೌಹರ್ ಜಾನ್ ಹಾಡು ಮುಗಿಸಿ ತಮ್ಮ ಹೆಸರು ಹೇಳಿದ್ದರಿಂದಲೇ ಆ ದನಿ ಯಾರದೆಂದು ಇಂದಿಗೂ ಪ್ಲೇಟೇ ನಮಗೆ ಹೇಳುತ್ತದೆ. ನಿಮ್ಮ ಅಜ್ಜಿಯೂ ಹೇಳಲಿ.